ಮೊದಲು ಖಾಲಿ ಚೀಲ ತೂಗು

ಪುಟ್ಟೀ,

ಅಂಗನವಾಡಿಯ ತೂಕದ ದಿನ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದುಕೊಂಡೇ ಬರುತ್ತಿದ್ದೆ. ತೊಲೆಗೆ ಹಗ್ಗ ಕಟ್ಟಿ, ಗೋಡೆ ಗಡಿಯಾರದಂಥ ಒಂದು ತಕ್ಕಡಿ ತೂಗುಹಾಕುತ್ತಿದ್ದೆವು. ಸಾಲ್ಟರ್ ತಕ್ಕಡಿ. 25 ಕಿಲೋದವರೆಗೆ ತೂಗುತ್ತದೆ, 100 ಗ್ರಾಮಿಗೊಂದು ಗೆರೆ. ಅದರ ಕೊಕ್ಕೆಗೆ ಚಡ್ಡಿಯಂಥ ಚೀಲ. ಮಗುವನ್ನು ಅದರೊಳಗೆ ಇಳಿಬಿಡುವ ಮೊದಲು ಒಂದು ಕೆಲಸ ಇತ್ತು. ಖಾಲಿ ಚೀಲವನ್ನು ಕೊಕ್ಕೆಗೆ ಹಾಕಿ, ತಿರುಪು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಬೇಕು. ನಮ್ಮೂರ ಮಳೆ ನಿನಗೆ ಗೊತ್ತಲ್ಲ, ಶ್ರಾವಣದಲ್ಲಿ ತೊಳೆದು ಹಾಕಿದ ಚೀಲ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಹಸಿ ಚೀಲಕ್ಕೆ ಹೊಸದಾಗಿ ಸೊನ್ನೆ ಹಿಡಿಯದೆ ತೂಗಿದರೆ ಪ್ರತಿ ಮಗುವೂ ಪುಕ್ಕಟೆಯಾಗಿ 100 ಗ್ರಾಂ ಹೆಚ್ಚು ತೂಗುತ್ತಿತ್ತು. ರಿಜಿಸ್ಟರಿಗೆ ಖುಷಿ, ತಾಯಿಗೂ ಖುಷಿ. ಮಗು ಮಾತ್ರ ನಿನ್ನೆ ಇದ್ದಷ್ಟೇ.

‘ಅಜ್ಜಿ, ತಿಂದದ್ದರ ಲೆಕ್ಕ ಇಡೋದಕ್ಕೆ ಯಾವ ಆ್ಯಪ್ ಚಲೋ?’ ಅಂತ ಧಾರವಾಡದ ಹಾಸ್ಟೆಲಿನಿಂದ ಫೋನ್ ಮಾಡಿದ್ದೆಯಲ್ಲ, ಆಗ ನಾನು ಯಾವ ಹೆಸರನ್ನೂ ಹೇಳಲಿಲ್ಲ. ಮುದುಕಿಗೆ ತಿಳಿಯದು ಅಂದುಕೊಂಡಿರಬೇಕು ನೀನು. ತಿಳಿಯದೆ ಸುಮ್ಮನಿದ್ದದ್ದಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದು ಅದೇ ಕೆಲಸ, ಊರವರ ಮಕ್ಕಳು ತಿಂದದ್ದರ ಲೆಕ್ಕ. ಕಡೆಕಡೆಗೆ ಹನ್ನೊಂದು ರಿಜಿಸ್ಟರ್ ಬರೆಯುತ್ತಿದ್ದೆ. 2017ರ ಗಾಂಧಿ ಜಯಂತಿಗೆ ಮಾತೃಪೂರ್ಣ ಶುರುವಾದ ಮೇಲೆ ಬಸುರಿ-ಬಾಣಂತಿಯರ ಊಟದ ಲೆಕ್ಕವೂ ಸೇರಿತು. 2021ರ ಮಾರ್ಚಿನಲ್ಲಿ ಪೋಷಣ್ ಟ್ರ್ಯಾಕರ್ ಬಂದು, ರಿಜಿಸ್ಟರೆಲ್ಲ ಮೊಬೈಲಿನೊಳಗೆ ಹೋಯಿತು. ನಿವೃತ್ತಿಗೆ ಒಂದು ವರ್ಷ ಇರುವಾಗ, ಕನ್ನಡಕ ಮೂಗಿಗಿಳಿಸಿಕೊಂಡು, ತೋರುಬೆರಳಿನಿಂದ ಒಂದೊಂದೇ ಅಂಕಿ ಒತ್ತಿ ಕಲಿತವಳು ನಾನು.

ಆಗಲೇ ನನ್ನಿಂದ ಒಂದು ತಪ್ಪಾಯಿತು. ಮೂರು ವರ್ಷದ ಹುಡುಗಿ, 12.4 ಕಿಲೋ, ಗಟ್ಟಿಮುಟ್ಟು ಕೂಸು. ಮೇಲಿನ ಸಾಲಿನ ಮಗುವಿನ 9.4 ಅನ್ನು ಇವಳ ಹೆಸರಿಗೆ ಒತ್ತಿಬಿಟ್ಟೆ. ಆ ಕ್ಷಣಕ್ಕೆ ಕೂಸು ತೀವ್ರ ಕಡಿಮೆ ತೂಕದ ಪಟ್ಟಿಗೆ ಹೋಯಿತು. ನಾನೂ ಪರದೆಯನ್ನೇ ನಂಬಿ ಅವಳ ತಾಯಿಗೆ ಹೇಳಿ ಕಳಿಸಿದೆ. ಮಳೆಯಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಆಕೆ ಓಡಿಬಂದಳು. ಕೂಸು ನನ್ನ ಮೇಜಿನ ಮೇಲಿದ್ದ ಶೇಂಗಾ ಚಿಕ್ಕಿ ಕಿತ್ತುಕೊಂಡು ಕಟಕಟ ಕಡಿಯುತ್ತಿತ್ತು. ಅದರ ಕೆನ್ನೆ ನೋಡಿದ್ದರೆ ಸಾಕಿತ್ತು, ನಾನು ಮೊಬೈಲು ನೋಡಿದ್ದೆ. ಇಂದಿಗೂ ಆ ತಾಯಿ ಎದುರಾದರೆ ನನಗೆ ನಾಚಿಕೆ.

ಅದಕ್ಕೇ ನಿನಗೆ ಮೊದಲು ಹೇಳುವುದು ಯಾವ ಆ್ಯಪಿನ ಹೆಸರನ್ನೂ ಅಲ್ಲ. ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲಿ, ಒಂದು ನೋಟುಬುಕ್ಕಿನಲ್ಲಿ ತಿಂದದ್ದೆಲ್ಲ ಬರೆ. ಬರೆಯುತ್ತಿದ್ದೇನೆ ಅಂತ ಊಟ ಬದಲಿಸಬೇಡ. ಮೆಸ್ಸಿನ ರೊಟ್ಟಿ ಎಷ್ಟು, ಅನ್ನದ ಸೌಟು ಎಷ್ಟು, ಸಂಜೆ ಮಿರ್ಚಿ-ಮಂಡಕ್ಕಿ ಎಷ್ಟು, ಚಹಾ ಎಷ್ಟು ಸಲ. ಲೈನ್ ಬಜಾರಿಗೆ ಹೋದಾಗ ಪೇಢೆ ತಿಂದರೆ ಅದನ್ನೂ ಬರೆ, ಅಜ್ಜಿ ಬಯ್ಯುವುದಿಲ್ಲ. ಅದು ನಿನ್ನ ಖಾಲಿ ಚೀಲ. ಅದನ್ನು ತೂಗದೆ ಯಾವ ಆ್ಯಪ್ ಹಾಕಿಕೊಂಡರೂ ಮುಳ್ಳು ಎಲ್ಲಿಂದ ಹೊರಟಿತು ಅನ್ನುವುದೇ ನಿನಗೆ ತಿಳಿಯದು.

ಎರಡನೆಯದು, ಲೆಕ್ಕ ಯಾತಕ್ಕೆ? ನೀನು ಹೇಳಿದ್ದು ‘ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತೆ, ಓದುವಾಗ ಕಣ್ಣು ಕತ್ತಲೆ’ ಅಂತ. ಆದರೆ ನಿನ್ನ ಗೆಳತಿಯರು ತೋರಿಸಿದ ಆ್ಯಪುಗಳಲ್ಲಿ ಬಹಳಷ್ಟು ಬಾಗಿಲಲ್ಲೇ ಕೇಳುವುದು, ಎಷ್ಟು ಕಿಲೋ ಇಳಿಸಬೇಕು ಎಂದು. ನೀನು ಇಳಿಸಬೇಕು ಅಂತ ಯಾರು ಹೇಳಿದರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಸುಸ್ತು ಅನ್ನುವವಳು ಮೊದಲು ಹೋಗಬೇಕಾದದ್ದು ಆ್ಯಪ್ ಅಂಗಡಿಗಲ್ಲ, ರಕ್ತ ಪರೀಕ್ಷೆಗೆ. ಬರುವ ಸೋಮವಾರವೇ ಹಿಮೋಗ್ಲೋಬಿನ್ ತೋರಿಸಿಕೊಂಡು ಬಾ. ಆ ಅಂಕಿ ನನಗೆ ವಾಟ್ಸಾಪ್ ಮಾಡು. ಉಳಿದದ್ದು ಆಮೇಲೆ.

ಕಡಿಮೆ ಬಂದರೆ, ಡಾಕ್ಟರು ಮಾತ್ರೆ ಕೊಟ್ಟರೆ, ಅದರ ಜೊತೆಗೆ ಊಟದ ಲೆಕ್ಕವೂ ಬೇಕೆನಿಸಿದರೆ, ಆಗ ನಿನಗೆ ಬೇಕಾದ ಆ್ಯಪ್ ಬೇರೆಯದೇ. ಕ್ಯಾಲೊರಿ ಒಂದನ್ನೇ ಹಸಿರು-ಕೆಂಪು ಮಾಡಿ ತೋರಿಸುವುದು ಬೇಡ. ಕಬ್ಬಿಣ, ಪ್ರೋಟೀನು, ಫೋಲೇಟು, ನಾರು ಇವನ್ನೆಲ್ಲ ಬಿಡಿಸಿ ತೋರಿಸುವುದು ಬೇಕು. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ನಿನ್ನಂಥ ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ, ಗಂಡಿಗೆ 19. ವಿದೇಶದ ಆ್ಯಪ್ ತನ್ನ ದೇಶದ ಪಟ್ಟಿ ಇಟ್ಟುಕೊಂಡು ಬೇರೆ ಗುರಿ ತೋರಿಸಬಹುದು, ಸೆಟ್ಟಿಂಗಿನಲ್ಲಿ ತಿದ್ದಲು ಬಿಡುತ್ತದೋ ನೋಡು. ಬಿಡದಿದ್ದರೆ ಅದು ನಿನಗಲ್ಲ. ಇನ್ನೊಂದು ಮಾತನ್ನು ಯಾವ ಆ್ಯಪೂ ಕೂಡಿಸಿ ಹೇಳುವುದಿಲ್ಲ. ತಟ್ಟೆಯಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಇಳಿಯುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಇಳಿಯುವುದು ಇನ್ನೂ ಕಡಿಮೆ, ಲಿಂಬೆ ಹಿಂಡಿಕೊಂಡರೆ ಹೆಚ್ಚು. ಹರಿವೆ ಪಲ್ಯ ತಿಂದು, ಬೆನ್ನಿಗೇ ಖಡಕ್ ಚಹಾ ಕುಡಿದರೂ ಪರದೆಯಲ್ಲಿ ಅಂಕಿ ಅಷ್ಟೇ ಇರುತ್ತದೆ. ಆ್ಯಪ್ ಬರೆದುಕೊಳ್ಳುವುದು ನುಂಗಿದ್ದನ್ನು, ಮೈಗೆ ಹತ್ತಿದ್ದನ್ನಲ್ಲ. ಚಹಾ ಒಂದು ತಾಸು ತಡ ಮಾಡು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಪಕ್ಕದ ಮನೆಯ ಹುಡುಗನಿಂದ ನನ್ನ ಮೊಬೈಲಿಗೆ ಮೂರ್ನಾಲ್ಕು ಹಾಕಿಸಿಕೊಂಡು ನೋಡಿದೆ. ಪರೀಕ್ಷೆ ಸರಳ. ನಮ್ಮನೆಯ ಐದು ಪದಾರ್ಥ ಬರೆದಿಟ್ಟುಕೊಂಡೆ: ಕುಚಲಕ್ಕಿ ಗಂಜಿ, ಬಂಗಡೆ ಸಾರು, ಮುರುಗಲ ಕಡಿ, ಮುಡ್ಲಿ ಗಡ್ಡೆ, ಕೋನ್ ಗಡ್ಡೆ. ಗಂಜಿ ಕೆಲವದರಲ್ಲಿ ಸಿಕ್ಕಿತು, ಬಂಗಡೆ ಸಿಕ್ಕಿತು. ಕೋನ್ ಅಂತ ಹುಡುಕಿದರೆ ಒಂದು ಆ್ಯಪು ಐಸ್‌ಕ್ರೀಮಿನ ಕೋನ್ ತಂದು ನಿಲ್ಲಿಸಿತು. ವೆನಿಲಾ ಬೇಕೋ ಚಾಕಲೇಟು ಬೇಕೋ ಅಂತ ಬೇರೆ. ಜೋಯಿಡಾದ ಗಡ್ಡೆ-ಗೆಣಸು ಮೇಳದಲ್ಲಿ ಕುಣಬಿಯವರು ಮಗುವಿನ ಗಾತ್ರದ ಕೋನ್ ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ತರುವುದನ್ನು ನೋಡಿದವಳಿಗೆ ನಗು ತಡೆಯಲಾಗಲಿಲ್ಲ. ಚಗಳಿ ಚಟ್ನಿಯನ್ನು ನಾನು ಹುಡುಕಲೇ ಇಲ್ಲ. ಇರುವೆ ಅಂತ ಬರೆದು ಆ್ಯಪಿನವರನ್ನು ಹೆದರಿಸುವುದು ಯಾಕೆ?

ನಗು ಹಾಗಿರಲಿ. ಈ ಅಂಕಿಗಳೆಲ್ಲ ಎಲ್ಲಿಂದ ಬರುತ್ತವೆ ಅನ್ನುವುದು ತಿಳಿದರೆ ಆರಿಸುವುದು ಸುಲಭ. ನಮ್ಮ ದೇಶದ ಆಹಾರವನ್ನು ಪ್ರಯೋಗಾಲಯದಲ್ಲಿ ಅಳೆದು ಪಟ್ಟಿ ಮಾಡುವವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು. ಆ ಸಂಸ್ಥೆ ಹುಟ್ಟಿದ್ದು 1918ರಲ್ಲಿ ಕೂನೂರಿನಲ್ಲಿ, ಬೆರಿಬೆರಿ ರೋಗದ ಮೂಲ ಹುಡುಕಲು. ಹೈದರಾಬಾದಿಗೆ ಬಂದದ್ದು 1958ರಲ್ಲಿ. ಅವರ ಹಳೆಯ ಪುಸ್ತಕ ಗೋಪಾಲನ್ ಮತ್ತಿತರರು ಬರೆದದ್ದು. ಹೊಸದು 2017ರದು, ದೇಶದ ಬೇರೆಬೇರೆ ಭಾಗಗಳಿಂದ ತರಿಸಿದ 528 ಪದಾರ್ಥ ಅದರಲ್ಲಿವೆ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ ಹಳೆಯದರಲ್ಲಿ 344 ಮಿಲಿಗ್ರಾಂ, ಹೊಸದರಲ್ಲಿ 364. ಎರಡೂ ಸುಳ್ಳಲ್ಲ. ಬೇರೆ ಹೊಲದ ರಾಗಿ, ಬೇರೆ ವರ್ಷ, ಬೇರೆ ಯಂತ್ರ. ಎರಡು ಆ್ಯಪು ಎರಡು ಅಂಕಿ ಹೇಳಿದರೆ ಗಾಬರಿಯಾಗಬೇಡ. ಯಾವ ಪುಸ್ತಕದಿಂದ ತಂದದ್ದು ಅಂತ ಹೇಳುವ ಆ್ಯಪಿಗೆ ಮರ್ಯಾದೆ ಕೊಡು, ಹೇಳದ್ದನ್ನು ದೂರ ಇಡು.

ಹೆಸರು ಬೇಕು ಅಂದೆಯಲ್ಲ. ಬೆಂಗಳೂರಿನಲ್ಲಿ 2012ರಲ್ಲಿ ಶುರುವಾದ ಹೆಲ್ದಿಫೈಮಿಗೆ ಇಡ್ಲಿ, ಉಪ್ಪಿಟ್ಟು, ಸಾರು ಗೊತ್ತು. ಬಟ್ಟಲು-ಚಮಚದ ಅಳತೆಯಲ್ಲಿ ಬರೆಯಬಹುದು, ಅದು ದೊಡ್ಡ ಅನುಕೂಲ. ಅಮೆರಿಕದ ಮೈಫಿಟ್‌ನೆಸ್‌ಪಾಲಿನಲ್ಲಿ ಹುಡುಕಿದ್ದೆಲ್ಲ ಸಿಗುತ್ತದೆ, ಯಾಕೆಂದರೆ ಬಳಸುವವರೇ ಸೇರಿಸುತ್ತ ಹೋಗಿದ್ದಾರೆ. ಹಾಗಾಗಿ ಒಂದೇ ದೋಸೆಗೆ ಹತ್ತು ಅಂಕಿ. ಕೆನಡಾದ ಕ್ರೋನೋಮೀಟರಿನಲ್ಲಿ ನಮ್ಮ ಅಡುಗೆ ಕಡಿಮೆ, ಆದರೆ ಇದ್ದದ್ದು ಪ್ರಯೋಗಾಲಯದ ಪಟ್ಟಿಗಳಿಂದ ಬಂದದ್ದು, ಕಬ್ಬಿಣ-ಸತುವಿನ ತನಕ ಬಿಡಿಸಿ ತೋರಿಸುತ್ತದೆ. ನನ್ನ ಮನಸ್ಸು ಮೂರನೆಯ ಜಾತಿಯ ಕಡೆಗೇ. ಹುಡುಕಿದ್ದೆಲ್ಲ ಥಟ್ಟನೆ ಸಿಗುವ ಕಡೆ ನಾವು ಯೋಚಿಸುವುದನ್ನು ಬಿಡುತ್ತೇವೆ. ಸಿಗದಿದ್ದರೆ ನಾವೇ ಅಕ್ಕಿ ಇಷ್ಟು, ಕಾಯಿ ಇಷ್ಟು, ಎಣ್ಣೆ ಇಷ್ಟು ಅಂತ ಅಡುಗೆಯನ್ನು ಬಿಡಿಸಿ ಬರೆಯಬೇಕಾಗುತ್ತದೆ. ಆಗ ಮೊದಲ ಸಲ ತಿಳಿಯುತ್ತದೆ, ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಹತ್ತಿರ ಹತ್ತಿರ 120 ಕ್ಯಾಲೊರಿ, ಒಂದೂವರೆ ಮೊಟ್ಟೆಗೆ ಸಮ ಅಂತ. ನಿನ್ನ ಮೆಸ್ಸಿನ ಬದನೆಕಾಯಿ ಪಲ್ಯದ ಮೇಲೆ ತೇಲುವ ಎಣ್ಣೆ ನೆನಪು ಮಾಡಿಕೋ. ಏನೇ ಆರಿಸು, ‘ನನ್ನ ಅಡುಗೆ’ ಅಂತ ಸೇರಿಸಿ ಇಟ್ಟುಕೊಳ್ಳಲು ಜಾಗ ಇರಬೇಕು. ಅದಿಲ್ಲದ ಆ್ಯಪು ಬೇರೆಯವರ ಅಡುಗೆಮನೆ.

ಎಲ್ಲರೂ ಬೀಳುವ ಹಳ್ಳ ಒಂದಿದೆ. ಅನ್ನ. ಅಕ್ಕಿ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ. ಅದೇ ಬೆಂದು ಅನ್ನವಾದಾಗ ನೀರು ಕುಡಿದು ಎರಡೂವರೆ-ಮೂರು ಪಟ್ಟು ತೂಗುತ್ತದೆ, 100 ಗ್ರಾಂ ಅನ್ನಕ್ಕೆ ಸುಮಾರು 130 ಅಷ್ಟೇ. ಆ್ಯಪಿನಲ್ಲಿ ‘ರೈಸ್’ ಅಂತ ಒತ್ತಿ, ಹಸಿಯೋ ಬೆಂದದ್ದೋ ನೋಡದೆ ತಟ್ಟೆಯ ತೂಕ ಹಾಕಿದರೆ ಒಂದು ಊಟದಲ್ಲೇ ಮೂರು ಊಟದ ಲೆಕ್ಕ. ಹೆದರಿ ಅನ್ನವನ್ನೇ ಬಿಟ್ಟ ಹುಡುಗಿಯರಿದ್ದಾರೆ. ಗಂಜಿಯದ್ದು ಇನ್ನೂ ತಮಾಷೆ. ಅಕ್ಕಿಗಿಂತ ನೀರೇ ಹೆಚ್ಚು, ಅಮ್ಮನ ಕೈಯ ಗಂಜಿ ಬೇರೆ, ನನ್ನದು ಬೇರೆ. ಯಾವಾಗಲೂ ಪಾತ್ರೆಗೆ ಹಾಕಿದ ಅಕ್ಕಿಯ ಲೆಕ್ಕ ಹಿಡಿ, ಅದನ್ನು ಉಂಡವರ ಪಾಲಿಗೆ ಹಂಚು. ಅಂಗನವಾಡಿಯಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ.

ನಿನಗೆ ದಿನಕ್ಕೆ ಇಷ್ಟು ಕ್ಯಾಲೊರಿ ಸಾಕು ಅಂತ ಆ್ಯಪು ಹೇಳುತ್ತದಲ್ಲ, ಅದೂ ಒಂದು ಸೂತ್ರ. ಬಹಳ ಆ್ಯಪುಗಳು ಬಳಸುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ 1990ರದು. ಅಮೆರಿಕದಲ್ಲಿ 498 ಜನರನ್ನು ಅಳೆದು ಕಟ್ಟಿದ್ದು. ನಮ್ಮೂರು ಕ್ಯಾಸಲ್‌ರಾಕಿನವರು ಅದರಲ್ಲಿ ಒಬ್ಬರೂ ಇದ್ದಂತಿಲ್ಲ. ನಿನ್ನ ಅಜ್ಜ ಹೇಳುತ್ತಿದ್ದರು, ಘಟ್ಟದ ಕೆಳಗಿನ ಕುಲೆಂನಿಂದ ಇಲ್ಲಿಗೆ ರೈಲುದಾರಿ 26 ಕಿಲೋಮೀಟರು, ಆದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಬಯಲಿನಲ್ಲಿ ಒಂದೇ ಎಂಜಿನ್ನು ಎಳೆದುಕೊಂಡು ಹೋಗುವ ಗೂಡ್ಸಿಗೆ ಇಲ್ಲಿ ಹಿಂದಿನಿಂದಲೂ ಎಂಜಿನ್ನು ಕೊಟ್ಟು ತಳ್ಳಬೇಕು ಅಂತ. ಹಾಗೇ, ಧಾರವಾಡದ ಲೈಬ್ರರಿಯಲ್ಲಿ ಕೂತ ನಿನಗೂ, ರಜೆಗೆ ಬಂದು ನನ್ನ ಜೊತೆ ಗುಡ್ಡ ಹತ್ತಿ ಕಟ್ಟಿಗೆ ತರುವ ನಿನಗೂ ಒಂದೇ ಅಂಕಿ ಹೇಗೆ ಸರಿಯಾದೀತು? ಸೂತ್ರದ ಅಂಕಿಯನ್ನು ಅಂದಾಜು ಅಂತಲೇ ತಿಳಿ. ಹಸಿವಾದರೆ ಉಣ್ಣು.

ಫೋಟೋ ತೆಗೆದರೆ ಸಾಕು, ಊಟ ಗುರುತಿಸುತ್ತೇನೆ ಅನ್ನುವುದು ಈಗ ಬಂದಿದೆ. ಕ್ಯಾಮೆರಾಗೆ ಅನ್ನದ ಕೆಳಗೆ ಹುದುಗಿದ ತುಪ್ಪ ಕಾಣದು. ಆಟಕ್ಕೆ ಇರಲಿ.

ದುಡ್ಡಿನ ವಿಷಯ. ಏಳು ದಿನ ಪುಕ್ಕಟೆ ಅಂತ ಹೇಳಿ ಯುಪಿಐ ಆಟೋಪೇ ಒಪ್ಪಿಗೆ ಕೇಳಿದರೆ, ಒಪ್ಪುವ ಮೊದಲು ಕ್ಯಾಲೆಂಡರಿನಲ್ಲಿ ಆರನೆಯ ದಿನಕ್ಕೆ ಗುರುತು ಹಾಕು. ಆ್ಯಪನ್ನು ಮೊಬೈಲಿನಿಂದ ತೆಗೆದರೆ ಚಂದಾ ನಿಲ್ಲುವುದಿಲ್ಲ, ಪ್ಲೇಸ್ಟೋರಿನ ಚಂದಾ ಪುಟಕ್ಕೆ ಹೋಗಿ ರದ್ದು ಮಾಡಬೇಕು. ನನ್ನಿಂದಲೂ ಒಂದು ತಿಂಗಳ ದುಡ್ಡು ಹೀಗೇ ಹೋಯಿತು. ಯಾವುದಕ್ಕೆ ಅಂತ ಕೇಳಬೇಡ. ಇಂಥದ್ದಕ್ಕೆ ದುಡ್ಡು ಕೊಡಲೇಬಾರದು ಅನ್ನುವವಳಲ್ಲ ನಾನು. ಆದರೆ ಎರಡು ತಿಂಗಳು ಪುಕ್ಕಟೆಯದರಲ್ಲಿ ಬರೆಯುವ ಅಭ್ಯಾಸ ಉಳಿದರೆ ಆಮೇಲೆ ಕೊಡು. ಅದೇ ದುಡ್ಡಿಗೆ ದಿನಾ ಒಂದು ಮೊಟ್ಟೆ ಬರುತ್ತದೋ ಅಂತಲೂ ಒಂದು ಸಲ ಲೆಕ್ಕ ಹಾಕು.

ಅಂಗನವಾಡಿಯ ರಿಜಿಸ್ಟರುಗಳನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಯಾರ ಮನೆಯ ಕೂಸು ಕೆಂಪು ಪಟ್ಟಿಯಲ್ಲಿದೆ, ಯಾರು ಮತ್ತೆ ಬಸುರಿ ಅನ್ನುವುದು ಊರ ಬಾಯಿಗೆ ಬೀಳಬಾರದು ಅಂತ. ನಿನ್ನ ತೂಕ, ನಿನ್ನ ಮುಟ್ಟಿನ ದಿನ, ನೀನು ಉಂಡದ್ದು, ಉಪವಾಸ ಬಿದ್ದದ್ದು, ಇವೂ ಅಂಥವೇ. 2018ರಲ್ಲಿ ಮೈಫಿಟ್‌ನೆಸ್‌ಪಾಲಿನ ಸುಮಾರು 15 ಕೋಟಿ ಖಾತೆಗಳ ಹೆಸರು, ಇಮೇಲು, ಗೂಢಲಿಪಿಯಲ್ಲಿದ್ದ ಪಾಸ್‌ವರ್ಡು ಕಳುವಾಗಿದ್ದವು. ದೊಡ್ಡ ಬೀರುವಿಗೂ ಕನ್ನ ಬೀಳುತ್ತದೆ. ಆದ್ದರಿಂದ ಬ್ಯಾಂಕಿಗೆ ಇಟ್ಟ ಪಾಸ್‌ವರ್ಡನ್ನೇ ಇಲ್ಲಿಗೆ ಇಡಬೇಡ. ಕಾಂಟ್ಯಾಕ್ಟು, ಲೊಕೇಶನ್ನು ಕೇಳಿದರೆ ಬೇಡ ಅನ್ನು. ನೀನು ತಿಂದ ರೊಟ್ಟಿಗೂ ನಿನ್ನ ಫೋನಿನಲ್ಲಿರುವ ನಂಬರುಗಳಿಗೂ ಏನು ಸಂಬಂಧ? ಬಿಡುವಾಗ ಆ್ಯಪು ಅಳಿಸುವ ಮೊದಲು ಖಾತೆ ಅಳಿಸು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯಿದೆ ಆಗಿದೆ, ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ.

ಸಿಗ್ನಲ್ ಇಲ್ಲದೆಯೂ ಬರೆದುಕೊಳ್ಳುವಂಥದ್ದಿರಲಿ. ಊರಿಗೆ ಬಂದಾಗ ಊಟ ಬರೆಯಲು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿದರೆ ಉಂಡದ್ದೆಲ್ಲ ಅಲ್ಲೇ ಕರಗಿ ಹೋದೀತು.

ಇನ್ನು ಮನಸ್ಸಿಗೆ ಬಹಳ ಹತ್ತಿರವಾದ ಮಾತು. ನಿನ್ನ ರೂಮಿನ ಹುಡುಗಿ ರಾತ್ರಿ ಊಟ ಬಿಟ್ಟು ‘ಇವತ್ತಿನ ಕೋಟಾ ಮುಗೀತು’ ಅಂತ ಮಲಗುತ್ತಾಳೆ ಅಂತ ನೀನು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ನನ್ನ ಅನುಭವದಲ್ಲಿ ಮಗುವಿನ ತೂಕ ಹೇಳುವುದು, ತೂಗುವುದಕ್ಕಿಂತ ಕಷ್ಟದ ಕೆಲಸ. ತಾಯಿಯ ಮುಖ ನೋಡಿ ಹೇಳಬೇಕು. ಒಬ್ಬಳಿಗೆ ಅಂಕಿ ಹೇಳಬಹುದು, ಇನ್ನೊಬ್ಬಳಿಗೆ ‘ನಾಳೆಯಿಂದ ಒಂದು ಮೊಟ್ಟೆ ಜಾಸ್ತಿ ಕೊಡವ್ವಾ’ ಅಂತಷ್ಟೇ. ಮೊಬೈಲು ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರಿಗೂ ಅದೇ ಕೆಂಪು, ಅದೇ ಗಂಟೆ. ನೀನು ಅದರ ಗಂಟೆಗಳನ್ನೆಲ್ಲ ಮೊದಲ ದಿನವೇ ಬಂದ್ ಮಾಡು. ಸತತ ಇಷ್ಟು ದಿನ ಬರೆದೆ ಅಂತ ಕೊಡುವ ಬಿರುದು-ಬಾವಲಿಗೆ ಬೀಳಬೇಡ. ತೂಕ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ನೋಡು. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಮುಳ್ಳು ಏರುತ್ತದೆ, ಅದು ನೀನು ತಿಂದ ಹೋಳಿಗೆಯಲ್ಲ. ಯಾರಾದರೂ ಪಂಕ್ತಿಯಲ್ಲಿ ಬಡಿಸಲು ಬಂದಾಗ ಎದೆ ಡವಡವ ಅಂದರೆ, ತಿಂದದ್ದನ್ನು ಬರೆಯದೆ ಮುಚ್ಚಿಡಬೇಕು ಅನಿಸಿದರೆ, ಅವತ್ತೇ ಆ್ಯಪು ತೆಗೆದು ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ. ಆ ಹುಡುಗಿಗೂ ನನ್ನ ನಂಬರು ಕೊಡು. ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಗೆಳತಿಯಾಗಿ ನಿನ್ನ ಕೆಲಸ, ಚಾಡಿ ಅಲ್ಲ.

ಸಕ್ಕರೆ ಕಾಯಿಲೆಯ ನಿನ್ನ ಮಾವನಿಗೂ ಇದನ್ನೇ ಹಾಕಿಕೊಡುತ್ತೇನೆ ಅಂದೆ. ಅವನದು ಬೇರೆ ದಾರಿ, ಅವನ ಡಾಕ್ಟರನ್ನೇ ಕೇಳಲಿ.

ನೋಟುಬುಕ್ಕಿನ ಮೂರು ದಿನ ಮುಗಿದ ಮೇಲೆ, ‘ನನ್ನ ಅಡುಗೆ’ ಅನ್ನುವ ಜಾಗದಲ್ಲಿ ಬರೆದುಕೊಳ್ಳಲು ಇವನ್ನು ಕಳಿಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಔಷಧಿ ಬಾಟಲಿಯ ಅಳತೆ ಮುಚ್ಚಳದಿಂದ ನೀರು ಹಾಕಿ ಹಾಕಿ ಅಳೆದೆ, ಅಡುಗೆಮನೆಯೆಲ್ಲ ಕೆರೆ. ಸಾರಿನ ಸೌಟು 70 ಮಿ.ಲೀ. ಅನ್ನದ ಕೈ ತುಂಬಿದರೆ 90 ಗ್ರಾಂ, ನಾನು ಬಡಿಸಿದರೆ. ನಿನ್ನ ಅಮ್ಮ ಬಡಿಸಿದರೆ 120. ಎಣ್ಣೆಯ ಚಮಚ 12 ಮಿ.ಲೀ. ಅಕ್ಕಿ ಅಳೆಯುವ ಹಳೇ ಹಾಲಿನ ಪುಡಿ ಡಬ್ಬಿ 210 ಗ್ರಾಂ. ಕಂಚಿನ ಬಟ್ಟಲು 180 ಮಿ.ಲೀ. ನಿನ್ನ ಸ್ಟೀಲಿನ ಲೋಟ 200 ಇರಬೇಕಿತ್ತು, ಎರಡನೇ ಕ್ಲಾಸಿನಲ್ಲಿ ನೀನು ಅದನ್ನು ಬಾವಿಕಟ್ಟೆಯಿಂದ ಬೀಳಿಸಿ ನೆಗ್ಗಿಸಿದ್ದಕ್ಕೆ 195. ಕೋನ್ ಅಗೆಯುವ ಹೊತ್ತಿಗೆ ಬಾ, ಬೇಯಿಸುವ ಮುಂಚೆ ಒಂದು, ಬೆಂದ ಮೇಲೆ ಒಂದು, ಎರಡು ಸಲ ತೂಗಿ ಸೇರಿಸೋಣ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಬರೆ, ಇಲ್ಲದಿದ್ದರೆ ಮತ್ತೆ ಐಸ್‌ಕ್ರೀಮು ಬಂದು ಕೂತೀತು.

ನಿನ್ನ ಅಜ್ಜಿ
ಕ್ಯಾಸಲ್‌ರಾಕ್